ಮೈಯೊಳಗಿನ ಕಾವಲು: ಸೋಂಕನ್ನು ನಮ್ಮ ಶರೀರ ಎದುರಿಸುವ ಬಗೆ



ಈ ಪುಟದಲ್ಲಿ ಸಾಮಾನ್ಯವಾಗಿ ದನ-ಎಮ್ಮೆಗಳ ರೋಗ, ಲಸಿಕೆ, ಮೇವು, ಖನಿಜ ಮಿಶ್ರಣಗಳ ವಿಷಯ ಬರುತ್ತದೆ. ಈ ಸಲ ಅವುಗಳನ್ನು ಸಾಕುವವರ ಮೈಯ ವಿಷಯ ಹೇಳುತ್ತೇವೆ. ಕಾಲುಬಾಯಿ ಬೇನೆಯ ಲಸಿಕೆ ಹಾಕುವವರು ಊರಿಗೆ ಬಂದಾಗ ಹೊಲದ ಕೆಲಸ ಬಿಟ್ಟು ದನ ಹಿಡಿದು ನಿಲ್ಲುವ ಎಷ್ಟೋ ಮನೆಗಳಲ್ಲಿ, ಮನೆಯ ಯಜಮಾನನಿಗೆ ಧನುರ್ವಾಯುವಿನ ಚುಚ್ಚುಮದ್ದು ಕೊನೆಗೆ ಯಾವ ವರ್ಷ ಆಯಿತೆಂದು ಕೇಳಿದರೆ ಯಾರೂ ಹೇಳಲಾರರು. ದನದಿಂದ ಮನುಷ್ಯನಿಗೆ ಬರುವ ರೋಗಗಳು ಹಲವಿವೆ. ಅವುಗಳನ್ನು ನಮ್ಮ ಶರೀರ ತಾನಾಗಿಯೇ ಎಲ್ಲಿಯವರೆಗೆ ತಡೆಯಬಲ್ಲದು, ಎಲ್ಲಿ ಅದಕ್ಕೆ ಸಾಲದೆ ಬರುತ್ತದೆ ಎಂಬುದು ತಿಳಿದಿದ್ದರೆ ಕೆಲವು ಜೀವಗಳು ಉಳಿಯುತ್ತವೆ.

ಬೇಲಿ ಮತ್ತು ಕಾವಲುಗಾರರು

ರಾಯಬಾಗ ತಾಲೂಕಿನ ಅಲಖನೂರಿನ ಸದಸ್ಯರೊಬ್ಬರು ಬೆಳಿಗ್ಗೆ ಸಂಘಕ್ಕೆ ಹಾಲು ಹಾಕಿ ಕಬ್ಬಿನ ಹೊಲಕ್ಕೆ ಹೋದರೆಂದು ಇಟ್ಟುಕೊಳ್ಳಿ. ರವದಿ ಸರಿಸುವಾಗ ಕಾಲಿಗೆ ಕಬ್ಬಿನ ಕೂಳೆ ಚುಚ್ಚುತ್ತದೆ. ಅಲ್ಲಿಯವರೆಗೆ ಅವರನ್ನು ಕಾಪಾಡಿದ್ದು ಚರ್ಮ. ಚರ್ಮವೆಂದರೆ ಬರೀ ಹೊದಿಕೆಯಲ್ಲ. ಬೆವರಿನ ಉಪ್ಪು, ಚರ್ಮದ ಮೇಲಿನ ಜಿಡ್ಡಿನ ಹುಳಿ, ಇವು ರೋಗಾಣುಗಳನ್ನು ಬೆಳೆಯಗೊಡುವುದಿಲ್ಲ. ಕಣ್ಣೀರು ಮತ್ತು ಜೊಲ್ಲಿನಲ್ಲಿ ರೋಗಾಣುವಿನ ಹೊರಗೋಡೆಯನ್ನು ಕರಗಿಸುವ ವಸ್ತುವಿದೆ. ಮೂಗು, ಶ್ವಾಸನಾಳಗಳ ಲೋಳೆ ಧೂಳನ್ನು ಹಿಡಿದು ಹೊರಗೆ ತಳ್ಳುತ್ತದೆ. ಹೊಟ್ಟೆಯ ಆಮ್ಲ ನುಂಗಿದ್ದರಲ್ಲಿ ಬಹಳಷ್ಟನ್ನು ಕೊಲ್ಲುತ್ತದೆ. ಇದೆಲ್ಲ ಬೇಲಿ. ಕೂಳೆ ಚುಚ್ಚಿದ ಜಾಗದಲ್ಲಿ ಬೇಲಿ ಮುರಿಯಿತು. ಮಣ್ಣು, ಸಗಣಿಯ ಜೊತೆಗೆ ಸಾವಿರಾರು ರೋಗಾಣು ಒಳಗೆ ಹೊಕ್ಕವು.

ಒಳಗೆ ಆ ಜಾಗದಲ್ಲಿಯೇ ಬೀಡುಬಿಟ್ಟ ಕಾವಲುಗಾರರಿದ್ದಾರೆ. ಇವು ರೋಗಾಣುಗಳನ್ನು ಸುತ್ತುವರಿದು ನುಂಗುವ ದೊಡ್ಡ ಭಕ್ಷಕ ಕಣಗಳು. ಇವು ನುಂಗುವುದಷ್ಟೇ ಅಲ್ಲ, ಕೂಗು ಹಾಕುತ್ತವೆ, ಅಂದರೆ ಕೆಲವು ರಾಸಾಯನಿಕಗಳನ್ನು ಬಿಡುತ್ತವೆ. ಆ ಕೂಗಿಗೆ ಹತ್ತಿರದ ರಕ್ತನಾಳಗಳು ಹಿಗ್ಗಿ, ಗೋಡೆ ಸಡಿಲಾಗಿ, ರಕ್ತದಲ್ಲಿದ್ದ ಬಿಳಿ ಕಣಗಳು ಹೊರಬಂದು ಗಾಯಕ್ಕೆ ನುಗ್ಗುತ್ತವೆ. ಗಾಯ ಕೆಂಪಾಗುವುದು, ಬಿಸಿಯಾಗುವುದು, ಬಾವು ಬರುವುದು, ನೋಯುವುದು ಎಲ್ಲ ಈ ಓಡಾಟದ ಗುರುತುಗಳೇ.

ಆರೋಗ್ಯವಂತನ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಸುಮಾರು 4,000ದಿಂದ 11,000 ಬಿಳಿ ಕಣಗಳಿರುತ್ತವೆ. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ನ್ಯೂಟ್ರೊಫಿಲ್ ಎಂಬ ಚಿಕ್ಕ ಭಕ್ಷಕ ಕಣಗಳು. ಇವು ಹುಟ್ಟುವುದು ಎಲುಬಿನ ಮಜ್ಜೆಯಲ್ಲಿ, ದಿನಕ್ಕೆ ಸುಮಾರು ಹತ್ತು ಸಾವಿರ ಕೋಟಿ. ಆಯುಷ್ಯ ಬಹಳ ಕಡಿಮೆ. ನುಂಗಿ, ಕೊಂದು, ತಾವೂ ಸಾಯುತ್ತವೆ. ಗಾಯದಿಂದ ಸೋರುವ ಕೀವು ಬಹುತೇಕ ಇವುಗಳ ಹೆಣಗಳ ರಾಶಿ.

ಇದೇ ಕಣಗಳನ್ನು ನೀವು ಬೇರೆ ಕಡೆಯೂ ಕಂಡಿದ್ದೀರಿ. ಕೆಚ್ಚಲು ಬಾವು ಪರೀಕ್ಷೆಯಲ್ಲಿ ಹಾಲಿಗೆ ದ್ರಾವಣ ಬೆರೆಸಿ ತಟ್ಟೆ ತಿರುಗಿಸಿದಾಗ ಅದು ಲೋಳೆಯಂತೆ ಗಟ್ಟಿಯಾಗುತ್ತದಲ್ಲ, ಆ ಲೋಳೆ ಹಾಲಿನಲ್ಲಿರುವ ಬಿಳಿ ಕಣಗಳು ಒಡೆದು ಹೊರಬಂದ ಪದಾರ್ಥದಿಂದ ಆಗುವಂಥದ್ದು. ಆರೋಗ್ಯವಂತ ಕೆಚ್ಚಲಿನ ಒಂದು ಮಿಲಿಲೀಟರ್ ಹಾಲಿನಲ್ಲಿ ಜೀವಕಣಗಳ ಸಂಖ್ಯೆ ಸಾಮಾನ್ಯವಾಗಿ ಎರಡು ಲಕ್ಷಕ್ಕಿಂತ ಕಡಿಮೆ. ಅದಕ್ಕಿಂತ ಮೇಲೆ ಹೋದರೆ ಕೆಚ್ಚಲೊಳಗೆ ಕಾಳಗ ನಡೆದಿದೆ ಎಂದರ್ಥ. ಹಸುವಿನ ಮೈಯಲ್ಲಿ ಆಗಲಿ ನಮ್ಮ ಮೈಯಲ್ಲಿ ಆಗಲಿ ಈ ಮೊದಲ ಹಂತದ ಏರ್ಪಾಡು ಬಹುಮಟ್ಟಿಗೆ ಒಂದೇ.

ಜ್ವರವೂ ಈ ಏರ್ಪಾಡಿನ ಭಾಗವೇ. ಭಕ್ಷಕ ಕಣಗಳ ಕೂಗು ಮಿದುಳಿಗೆ ಮುಟ್ಟಿ, ಮೈ ಬಿಸಿ ಏರುತ್ತದೆ. ಬಿಸಿಯಲ್ಲಿ ಅನೇಕ ರೋಗಾಣುಗಳ ಬೆಳವಣಿಗೆ ಕುಂಠಿತವಾಗುತ್ತದೆ. ಹಾಗೆಂದು ಮಕ್ಕಳ ಮೈ ಕಾದು ಹೋಗುತ್ತಿರುವಾಗ ಸುಮ್ಮನೆ ನೋಡುತ್ತ ಕೂಡಬಾರದು.

ಮಾದರಿ ಒಕ್ಕೂಟಕ್ಕೆ ಹೋಗುತ್ತದೆ

ಭಕ್ಷಕ ಕಣಗಳಿಗೆ ಒಂದು ಕೊರತೆ ಇದೆ. ಅವು ಪರಕೀಯ ಯಾವುದು ಎಂದಷ್ಟೇ ಗುರುತಿಸುತ್ತವೆ. ಬಂದವನು ಯಾರು ಎಂದು ವಿಚಾರಿಸುವುದಿಲ್ಲ. ವಿಚಾರಿಸುವ ಕೆಲಸಕ್ಕೆ ಬೇರೆಯೇ ಇಲಾಖೆ ಇದೆ. ಹಳ್ಳಿಯ ಸಂಘದಲ್ಲಿ ತೆಗೆದ ಹಾಲಿನ ಮಾದರಿಯನ್ನು ಹೆಚ್ಚಿನ ಪರೀಕ್ಷೆಗೆ ಒಕ್ಕೂಟದ ಪ್ರಯೋಗಶಾಲೆಗೆ ಕಳುಹಿಸುವಂತೆ, ಗಾಯದಲ್ಲಿರುವ ಒಂದು ಜಾತಿಯ ಕಣ ರೋಗಾಣುವಿನ ತುಣುಕನ್ನು ಹೊತ್ತು ಹತ್ತಿರದ ಗ್ರಂಥಿಗೆ ಹೊರಡುತ್ತದೆ. ಕಾಲಿಗೆ ಗಾಯವಾದಾಗ ತೊಡೆಯ ಸಂದಿನಲ್ಲಿ, ಕೈಗೆ ಆದಾಗ ಬಗಲಲ್ಲಿ, ಗಂಟಲು ಕೆಟ್ಟಾಗ ದವಡೆಯ ಕೆಳಗೆ ಗಂಟು ಏಳುವುದು ಇದರಿಂದಲೇ. ಅದು ಹೊಸ ರೋಗವಲ್ಲ, ಪ್ರಯೋಗಶಾಲೆಯಲ್ಲಿ ಕೆಲಸ ಜೋರಾಗಿ ನಡೆದಿದೆ ಎಂಬುದರ ಸೂಚನೆ. ವಾರಗಟ್ಟಲೆ ಇಳಿಯದ ಗಂಟನ್ನು ಮಾತ್ರ ವೈದ್ಯರಿಗೆ ತೋರಿಸಬೇಕು.

ಈ ಗ್ರಂಥಿಗಳಿಗೆ ಶಾಲೆಯ ಪುಸ್ತಕದಲ್ಲಿ ದುಗ್ಧಗ್ರಂಥಿ ಎಂದು ಹೆಸರು, ಅವುಗಳಲ್ಲಿ ಹರಿಯುವ ರಸಕ್ಕೆ ದುಗ್ಧರಸ. ದುಗ್ಧ ಎಂದರೆ ಹಾಲು. ಹೆಸರು ಸುಮ್ಮನೆ ಬಂದಿಲ್ಲ: ತುಪ್ಪ-ಎಣ್ಣೆಯ ಊಟವಾದ ಮೇಲೆ ಕರುಳಿನಿಂದ ಹೊರಡುವ ಈ ರಸ ಕೊಬ್ಬಿನ ಕಣಗಳಿಂದಾಗಿ ಹಾಲಿನಂತೆಯೇ ಬೆಳ್ಳಗಿರುತ್ತದೆ.

ಗ್ರಂಥಿಯೊಳಗೆ ಲಕ್ಷಾಂತರ ಕಣಗಳು ಕಾದಿರುತ್ತವೆ. ಒಂದೊಂದೂ ಒಂದೊಂದೇ ಆಕಾರವನ್ನು ಗುರುತಿಸಬಲ್ಲದು, ಒಂದು ಬೀಗಕ್ಕೆ ಒಂದೇ ಕೀಲಿ ಎಂಬಂತೆ. ಬಂದ ತುಣುಕಿಗೆ ಹೊಂದುವ ಕಣ ಸಿಕ್ಕಿತೆಂದರೆ ಅದು ಎರಡಾಗಿ, ನಾಲ್ಕಾಗಿ, ಎಂಟಾಗಿ ಒಡೆಯತೊಡಗುತ್ತದೆ. ಇವುಗಳಲ್ಲಿ ಎರಡು ಮನೆತನ. ಎಲುಬಿನ ಮಜ್ಜೆಯಲ್ಲಿಯೇ ಪಕ್ವವಾಗುವ ಬಿ ಕಣಗಳು ಪ್ರತಿಕಾಯಗಳನ್ನು ತಯಾರಿಸುತ್ತವೆ. ಪ್ರತಿಕಾಯವೆಂದರೆ ರೋಗಾಣುವಿಗೆ ಅಂಟಿಕೊಂಡು ಅದನ್ನು ಕಟ್ಟಿಹಾಕುವ, ಭಕ್ಷಕ ಕಣಗಳಿಗೆ ಹಿಡಿದುಕೊಡುವ ಪ್ರೋಟೀನು. ಎದೆಯ ಎಲುಬಿನ ಹಿಂದಿನ ಥೈಮಸ್ ಗ್ರಂಥಿಯಲ್ಲಿ ತರಬೇತಾಗುವ ಟಿ ಕಣಗಳಲ್ಲಿ ಕೆಲವು, ವೈರಸ್ ಹೊಕ್ಕ ನಮ್ಮದೇ ಜೀವಕೋಶವನ್ನು ಕೊಲ್ಲುತ್ತವೆ. ಇನ್ನು ಕೆಲವು ಉಳಿದವರಿಗೆಲ್ಲ ಅಪ್ಪಣೆ ಕೊಡುವ ಸಹಾಯಕ ಕಣಗಳು. ಈ ತರಬೇತಿ ಬಲು ಕಠಿಣ: ಸ್ವಂತ ಮೈಯ ಮೇಲೆಯೇ ಏರಿಹೋಗುವಂಥ ಕಣಗಳನ್ನು ಅಲ್ಲಿಯೇ ಮುಗಿಸಿಬಿಡುತ್ತಾರೆ. ಎಚ್‌ಐವಿ ವೈರಸ್ ಹಾಳುಮಾಡುವುದು ಅಪ್ಪಣೆ ಕೊಡುವ ಆ ಸಹಾಯಕ ಕಣಗಳನ್ನು. ಅದಕ್ಕೇ ಚಿಕಿತ್ಸೆ ಸಿಗದ ಏಡ್ಸ್ ರೋಗಿಗೆ ಸಣ್ಣಪುಟ್ಟ ಸೋಂಕೂ ಪ್ರಾಣಾಂತಿಕ. ಸೈನ್ಯ ಇದ್ದರೂ ಹೇಳುವವರಿಲ್ಲ.

ಈಗ ಬಹಳ ಮುಖ್ಯವಾದ ಮಾತು. ಹಿಂದೆಂದೂ ಕಾಣದ ರೋಗಾಣು ಮೊದಲ ಸಲ ಬಂದಾಗ ಈ ಎರಡನೆಯ ಸೈನ್ಯ ಸಿದ್ಧವಾಗಲು ಸುಮಾರು ಒಂದು ವಾರ ಬೇಕು. ಪೂರ್ತಿ ಬಲ ಬರಲು ಎರಡು ವಾರ. ಆ ವಾರದಲ್ಲಿ ರೋಗಾಣು ಸುಮ್ಮನಿರುವುದಿಲ್ಲ. ಮುಂದೆ ಹೇಳುವುದೆಲ್ಲ ಈ ಒಂದು ವಾರದ ಲೆಕ್ಕವೇ.

ಸಿದ್ಧ ಸಹಾಯ: ಗಿಣ್ಣದ ಹಾಲು

ಹುಟ್ಟಿದ ಕರುವಿಗೆ ಆ ವಾರ ಕಾಯುವ ಶಕ್ತಿ ಇಲ್ಲ. ಆಕಳು, ಎಮ್ಮೆಗಳ ಮಾಸಿನ ರಚನೆಯೇ ಹಾಗಿದೆ. ತಾಯಿಯ ರಕ್ತದ ಪ್ರತಿಕಾಯಗಳು ಗರ್ಭದಲ್ಲಿ ಕರುವಿಗೆ ದಾಟುವುದಿಲ್ಲ. ಎಲ್ಲ ಗಿಣ್ಣದಲ್ಲಿಯೇ ಬರಬೇಕು. ಕರುವಿನ ಕರುಳು ಪ್ರತಿಕಾಯಗಳನ್ನು ಇಡಿಯಾಗಿ ಹೀರಿಕೊಳ್ಳುವುದು ಹುಟ್ಟಿದ ಕೆಲವೇ ತಾಸು. 24 ತಾಸು ಕಳೆಯುವಷ್ಟರಲ್ಲಿ ಆ ಬಾಗಿಲು ಮುಚ್ಚುತ್ತದೆ. ಮಾಸು ಬೀಳಲಿ ಎಂದು ಕಾಯದೆ ಮೊದಲ ಎರಡು ತಾಸಿನಲ್ಲಿಯೇ ಗಿಣ್ಣ ಕುಡಿಸಿರಿ ಎಂದು ನಾವು ಹೇಳುತ್ತ ಬಂದಿರುವುದು ಇದಕ್ಕೆ.

ಮನುಷ್ಯರಲ್ಲಿ ವ್ಯವಸ್ಥೆ ಸ್ವಲ್ಪ ಬೇರೆ. ತಾಯಿಯ ಪ್ರತಿಕಾಯಗಳು ಗರ್ಭದ ಕೊನೆಯ ತಿಂಗಳುಗಳಲ್ಲಿ ಮಾಸಿನ ಮೂಲಕವೇ ಕೂಸಿಗೆ ಮುಟ್ಟುತ್ತವೆ. ದಿನ ತುಂಬುವ ಮೊದಲೇ ಹುಟ್ಟಿದ ಕೂಸು ಬೇಗ ಸೋಂಕಿಗೆ ಬೀಳುವುದಕ್ಕೆ ಇದೂ ಒಂದು ಕಾರಣ. ಹಾಗಾದರೆ ಬಾಣಂತಿಯ ಮೊದಲ ಹಳದಿ ಹಾಲು ಬೇಡವೇ? ಬೇಕೇ ಬೇಕು. ಅದರಲ್ಲಿರುವ ಪ್ರತಿಕಾಯಗಳು ರಕ್ತಕ್ಕೆ ಹೋಗದೆ ಕೂಸಿನ ಕರುಳಿನ ಒಳಮೈಗೆ ಲೇಪಿಸಿದಂತೆ ನಿಂತು ಭೇದಿಯ ರೋಗಾಣುಗಳನ್ನು ತಡೆಯುತ್ತವೆ. ಕರುವಿಗೆ ಗಿಣ್ಣ ತಪ್ಪಿಸಬಾರದೆಂದು ಬಲ್ಲ ಮನೆಯಲ್ಲಿಯೇ ಬಾಣಂತಿಯ ಹಳದಿ ಹಾಲನ್ನು ಹಿಂಡಿ ಚೆಲ್ಲಿ, ಕೂಸಿನ ಬಾಯಿಗೆ ಜೇನು, ಸಕ್ಕರೆ ನೀರು ಬಿಡುವ ರೂಢಿ ಉಳಿದಿದ್ದರೆ ಅದಕ್ಕಿಂತ ವಿಚಿತ್ರ ಬೇರೊಂದಿಲ್ಲ.

ಎರವಲು ತಂದ ಪ್ರತಿಕಾಯ ಬಹಳ ದಿನ ಬಾಳುವುದಿಲ್ಲ. ಕೆಲವು ವಾರ, ಹೆಚ್ಚೆಂದರೆ ಕೆಲವು ತಿಂಗಳು. ಅಷ್ಟರಲ್ಲಿ ಸ್ವಂತ ಸೈನ್ಯ ಕಟ್ಟಿಕೊಳ್ಳಬೇಕು.

ನೆನಪಿನ ಕಣಗಳು ಮತ್ತು ಟಿಳಕವಾಡಿಯ ಕರುಗಳು

ಕಾಳಗ ಮುಗಿದ ಮೇಲೆ ಹೆಚ್ಚಿನ ಕಣಗಳು ಸಾಯುತ್ತವೆ. ಕೆಲವು ಮಾತ್ರ ನೆನಪಿನ ಕಣಗಳಾಗಿ ವರ್ಷಗಟ್ಟಲೆ ಉಳಿಯುತ್ತವೆ. ಅದೇ ರೋಗಾಣು ಮತ್ತೆ ಬಂದರೆ ಎರಡು-ಮೂರು ದಿನಗಳಲ್ಲಿಯೇ ಮೊದಲಿಗಿಂತ ದೊಡ್ಡ ಸೈನ್ಯ ನಿಲ್ಲುತ್ತದೆ. ದಡಾರ ಒಮ್ಮೆ ಬಂದವರಿಗೆ ಸಾಮಾನ್ಯವಾಗಿ ಮತ್ತೆ ಬಾರದಿರುವುದು ಇದರಿಂದ. ರೋಗದ ಪೆಟ್ಟಿಲ್ಲದೆ ಈ ನೆನಪನ್ನು ಮಾತ್ರ ಮೂಡಿಸುವ ಉಪಾಯವೇ ಲಸಿಕೆ. ಆ ಉಪಾಯ ಹೊಳೆದದ್ದು ಹಾಲು ಕರೆಯುವವರ ಕೈ ನೋಡಿ.

ಇಂಗ್ಲೆಂಡಿನ ಹಳ್ಳಿಗಳಲ್ಲಿ ಹಸುವಿನ ಮೊಲೆಯ ಸಿಡುಬು ತಗುಲಿ ಕೈಯಲ್ಲಿ ಬೊಕ್ಕೆ ಎದ್ದವರಿಗೆ ಮಾರಕ ಸಿಡುಬು ಬರುವುದಿಲ್ಲ ಎಂಬ ಮಾತಿತ್ತು. ನಮ್ಮ ಭಾಗದ ಹಿರಿಯರು ದೇವಿ ಬೇನೆ ಎನ್ನುತ್ತಿದ್ದ ಕಾಯಿಲೆ ಅದು. 1796ರ ಮೇ 14ರಂದು ವೈದ್ಯ ಎಡ್ವರ್ಡ್ ಜೆನ್ನರ್, ಹಾಲು ಕರೆಯುವ ಹೆಣ್ಣುಮಗಳೊಬ್ಬಳ ಕೈಬೊಕ್ಕೆಯ ರಸವನ್ನು ಎಂಟು ವರ್ಷದ ಹುಡುಗನ ತೋಳಿಗೆ ಹಾಕಿದ. ಮುಂದೆ ಆ ಹುಡುಗನಿಗೆ ನಿಜವಾದ ಸಿಡುಬಿನ ರಸ ಹಾಕಿದರೂ ರೋಗ ಬರಲಿಲ್ಲ. ವ್ಯಾಕ್ಸಿನ್ ಎಂಬ ಶಬ್ದ ಲ್ಯಾಟಿನ್ ಭಾಷೆಯ ಹಸು ಎಂಬ ಶಬ್ದದಿಂದಲೇ ಬಂದದ್ದು. 1802ರ ಜೂನ್‌ನಲ್ಲಿ ಮುಂಬಯಿಯಲ್ಲಿ ಮೂರು ವರ್ಷದ ಮಗುವೊಂದಕ್ಕೆ ಹಾಕಿದ್ದು ಭಾರತದ ಮೊದಲ ಯಶಸ್ವಿ ಲಸಿಕೆ. ಮೈಸೂರು ಅರಮನೆಯ ಮೂವರು ಸ್ತ್ರೀಯರನ್ನು ಥಾಮಸ್ ಹಿಕಿ ಎಂಬ ಚಿತ್ರಕಾರ 1805ರ ಸುಮಾರಿಗೆ ಬರೆದ ಚಿತ್ರವೊಂದಿದೆ. ಅದರಲ್ಲಿ ಒಬ್ಬರು ಸೆರಗು ಸರಿಸಿ ತೋಳು ತೋರಿಸುತ್ತಾರೆ. ಅವರು ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ, ತೋರಿಸುತ್ತಿರುವುದು ಲಸಿಕೆ ಹಾಕಿಸಿಕೊಂಡ ಜಾಗ ಎಂದು ಇತಿಹಾಸಕಾರ ನೈಜೆಲ್ ಚಾನ್ಸಲರ್ ಗುರುತಿಸಿದ್ದಾರೆ. ರಾಣಿಯೇ ಹಾಕಿಸಿಕೊಂಡರೆ ಜನರ ಅಂಜಿಕೆ ಹೋದೀತೆಂಬ ಲೆಕ್ಕ ಇದ್ದಿರಬೇಕು.

ಬೆಳಗಾವಿಯ ಟಿಳಕವಾಡಿಯಲ್ಲಿ ವ್ಯಾಕ್ಸಿನ್ ಡಿಪೋ ಮೈದಾನವನ್ನು ನೀವು ನೋಡಿರಬಹುದು. ಬ್ರಿಟಿಷರ ಕಾಲದಲ್ಲಿ ಅಲ್ಲಿ ಸಿಡುಬಿನ ಲಸಿಕೆ ತಯಾರಾಗುತ್ತಿತ್ತು. ಹೆಸರು ಹಾಗೆಯೇ ನಿಂತಿದೆ. ಆ ಕಾಲದ ಲಸಿಕೆ ತಯಾರಾಗುತ್ತಿದ್ದುದು ಕರುಗಳ ಮೈಮೇಲೆ. ಕರುವಿನ ಹೊಟ್ಟೆಯ ಭಾಗದ ಕೂದಲು ಬೋಳಿಸಿ, ತೊಳೆದು, ಚರ್ಮವನ್ನು ಸಣ್ಣಗೆ ಗೀರಿ ಲಸಿಕೆಯ ಬೀಜ ಹಚ್ಚುತ್ತಿದ್ದರು. ಸುಮಾರು ಐದು ದಿನಕ್ಕೆ ಎದ್ದ ಬೊಕ್ಕೆಗಳನ್ನು ಕೆರೆದು ತೆಗೆದು, ಅರೆದು, ಗ್ಲಿಸರಿನ್ ಬೆರೆಸಿ ಊರೂರಿಗೆ ಕಳುಹಿಸುತ್ತಿದ್ದರು. 1970ರ ದಶಕಕ್ಕಿಂತ ಮೊದಲು ಹುಟ್ಟಿದವರ ತೋಳಿನ ಮೇಲೆ ದುಂಡಗಿನ ಕಲೆ ಇದ್ದರೆ ಅದು ಬಹುಶಃ ಈ ಲಸಿಕೆಯದು. ಭಾರತದಲ್ಲಿ ಸಿಡುಬಿನ ಕೊನೆಯ ರೋಗಿ ಕಂಡದ್ದು 1975ರ ಮೇ ತಿಂಗಳಲ್ಲಿ. 1980ರ ಮೇ 8ರಂದು ವಿಶ್ವ ಆರೋಗ್ಯ ಸಭೆ ಇಡೀ ಜಗತ್ತು ಸಿಡುಬಿನಿಂದ ಮುಕ್ತವೆಂದು ಘೋಷಿಸಿತು.

ಇದರ ಬಾಲ ಒಂದು ಉಳಿದಿದೆ. ಎಮ್ಮೆ ಸಿಡುಬಿನ ವೈರಸ್ ಆ ಹಳೆಯ ಲಸಿಕೆಯ ವೈರಸ್ಸಿನದೇ ಬಳಗ. ಮಗ್ಗುಲಿನ ಪಶ್ಚಿಮ ಮಹಾರಾಷ್ಟ್ರದಲ್ಲಿ 2009ರಲ್ಲಿ ಅದು ಎಮ್ಮೆಗಳಿಂದ ಕರೆಯುವವರ ಕೈಗೂ ಹತ್ತಿದ್ದು ದಾಖಲಾಗಿದೆ. ಸಿಡುಬಿನ ಲಸಿಕೆ ನಿಂತ ಮೇಲೆ ಹುಟ್ಟಿದವರಿಗೆ ಈ ಬಳಗದ ವೈರಸ್ಸಿನ ನೆನಪು ಮೈಯಲ್ಲಿ ಇಲ್ಲ. ಮೊಲೆಯ ಮೇಲೆ ಬೊಕ್ಕೆ ಇರುವ ಎಮ್ಮೆಯನ್ನು ಕೊನೆಗೆ ಕರೆಯಿರಿ, ಕೈಯಲ್ಲಿ ಗಾಯವಿದ್ದವರು ಕರೆಯುವುದು ಬೇಡ.

ಮೊದಲು ಹೇಳಿದ ಕಬ್ಬಿನ ಕೂಳೆಯ ಗಾಯಕ್ಕೂ ಇಲ್ಲಿ ಸಂಬಂಧವಿದೆ. ಧನುರ್ವಾಯುವಿನ ರೋಗಾಣು ಮಣ್ಣು, ಸಗಣಿಯಲ್ಲಿ ಇದ್ದೇ ಇರುತ್ತದೆ. ಅದರ ವಿಷ ಎಷ್ಟು ತೀಕ್ಷ್ಣವೆಂದರೆ ಜೀವ ತೆಗೆಯಲು ಬೇಕಾಗುವ ಪ್ರಮಾಣ, ಶರೀರಕ್ಕೆ ನೆನಪು ಮೂಡಿಸಲು ಬೇಕಾಗುವ ಪ್ರಮಾಣಕ್ಕಿಂತ ಕಡಿಮೆ. ಆದ್ದರಿಂದ ಧನುರ್ವಾಯು ಬಂದು ಬದುಕಿ ಉಳಿದವರಿಗೂ ಅದು ಮತ್ತೆ ಬರಬಹುದು. ಇದಕ್ಕೆ ನೆನಪು ಕೊಡುವುದು ಲಸಿಕೆ ಮಾತ್ರ, ಅದನ್ನೂ ಹತ್ತು ವರ್ಷಕ್ಕೊಮ್ಮೆ ಹೊಸದು ಮಾಡಿಕೊಳ್ಳಬೇಕು.

ದನದ ಬಾಯಿಗೆ ಕೈ ಹಾಕುವ ಮೊದಲು

ದನ ಮೇವು ಬಿಟ್ಟಿದೆ, ಜೊಲ್ಲು ಸುರಿಸುತ್ತಿದೆ, ನೀರು ನುಂಗಲಾರದು, ದನಿ ಒಡೆದು ಒರಲುತ್ತಿದೆ. ಗಂಟಲಲ್ಲಿ ಏನೋ ಸಿಕ್ಕಿದೆ ಎಂದು ಮಾಲೀಕ ಬಾಯಿಗೆ ಕೈ ಹಾಕುತ್ತಾನೆ. ಹುಚ್ಚುನಾಯಿ ಕಚ್ಚಿದ ದನವೂ ಹೀಗೆಯೇ ಮಾಡುತ್ತದೆ. ಅದರ ಜೊಲ್ಲು ಬೆರಳಿನ ಗೀರು, ಉಗುರು ಕಿತ್ತ ಜಾಗ ಹೊಕ್ಕರೆ ಸಾಕು.

ರೇಬೀಸ್ ವೈರಸ್ ಗಾಯದಿಂದ ನರಕ್ಕೆ ಸೇರಿ ನರದೊಳಗೇ ಮಿದುಳಿನತ್ತ ಸಾಗುತ್ತದೆ. ಭಕ್ಷಕ ಕಣ, ಪ್ರತಿಕಾಯಗಳ ಓಡಾಟ ರಕ್ತ ಮತ್ತು ದುಗ್ಧರಸದಲ್ಲಿ. ನರದೊಳಗೆ ಹೊಕ್ಕ ಕಳ್ಳ ಅವುಗಳ ಕಣ್ಣಿಗೆ ಬೀಳುವುದಿಲ್ಲ. ಮಿದುಳು ಮುಟ್ಟಿ ಲಕ್ಷಣ ಕಾಣಿಸಿತೆಂದರೆ ಸಾವು ಹೆಚ್ಚುಕಡಿಮೆ ಖಚಿತ. ಆದರೆ ಅದಕ್ಕೆ ಮೊದಲು ಸಾಮಾನ್ಯವಾಗಿ ವಾರಗಳ, ಕೆಲವೊಮ್ಮೆ ತಿಂಗಳುಗಳ ಅವಕಾಶವಿದೆ. ಚಿಕಿತ್ಸೆಯ ಮೂರು ಭಾಗಗಳೂ ಈ ಓಟಕ್ಕೆ ಕಟ್ಟಿದವು. ಗಾಯವನ್ನು ಕೂಡಲೇ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದರೆ ವೈರಸ್ ನರ ಸೇರುವ ಮೊದಲೇ ಬಹಳಷ್ಟು ಹೊರಬೀಳುತ್ತದೆ. ಲಸಿಕೆ ಸ್ವಂತ ಸೈನ್ಯ ಕಟ್ಟಿಸುತ್ತದೆ, ಆದರೆ ಅದಕ್ಕೆ ಒಂದೆರಡು ವಾರ ಬೇಕು. ಆ ಅಂತರ ತುಂಬಲು ಆಳವಾದ ಅಥವಾ ರಕ್ತ ಬಂದ ಗಾಯದ ಸುತ್ತ ಕೊಡುವ ಇಮ್ಯುನೋಗ್ಲಾಬ್ಯುಲಿನ್ ಇದೆ. ಇದು ಕುದುರೆಯ ಅಥವಾ ಲಸಿಕೆ ಪಡೆದ ಮನುಷ್ಯರ ರಕ್ತದಿಂದ ತೆಗೆದ ಸಿದ್ಧ ಪ್ರತಿಕಾಯ. ಗಿಣ್ಣದ ಕೆಲಸವನ್ನೇ ಮಾಡುತ್ತದೆ. ಸುಣ್ಣ, ಖಾರದ ಪುಡಿ, ಅರಿಶಿನ ಹಚ್ಚುವುದರಿಂದ ಈ ಮೂರರಲ್ಲಿ ಒಂದೂ ಆಗುವುದಿಲ್ಲ. ಒಂದು ಚುಚ್ಚುಮದ್ದಿಗೆ ನಿಲ್ಲಿಸದೆ ವೈದ್ಯರು ಬರೆದ ದಿನಗಳಂದೇ ಎಲ್ಲವನ್ನೂ ಮುಗಿಸಬೇಕು.

ಕಾವಲುಗಾರನ ಮನೆಯಲ್ಲೇ ಅಡಗುವ ಕಳ್ಳ

ಎಲ್ಲಕ್ಕಿಂತ ಹೆಚ್ಚು ಮನೆಗಳಿಗೆ ಮುಟ್ಟುವ ವಿಷಯ ಕೊನೆಗೆ ಇಟ್ಟಿದ್ದೇವೆ. ತುಂಬು ಗಬ್ಬದ ಆಕಳು ಏಳು-ಎಂಟು ತಿಂಗಳಿಗೆ ಕಂದು ಹಾಕುತ್ತದೆ. ಮಾಸು ಬೀಳುವುದಿಲ್ಲ. ಮನೆಯವರು, ಬಹುತೇಕ ಹೆಣ್ಣುಮಕ್ಕಳು, ಬರಿಗೈಯಿಂದ ಅದನ್ನೆಲ್ಲ ತೆಗೆದು ಸ್ವಚ್ಛ ಮಾಡುತ್ತಾರೆ. ಕೆಲವು ವಾರಗಳ ಮೇಲೆ ಅವರಲ್ಲೊಬ್ಬರಿಗೆ ಸಂಜೆ ಸಂಜೆ ಜ್ವರ, ರಾತ್ರಿ ಮೈ ತೊಯ್ಯುವಷ್ಟು ಬೆವರು, ಸೊಂಟ ನೋವು, ಸಂದು ನೋವು. ಗಂಡಸರಲ್ಲಿ ವೃಷಣದ ಬಾವು. ಜ್ವರದ ಗುಳಿಗೆ ನುಂಗಿದರೆ ಇಳಿಯುತ್ತದೆ, ಮತ್ತೆ ಬರುತ್ತದೆ.

ಇದು ಕಂದು ರೋಗ, ಬ್ರುಸೆಲ್ಲೋಸಿಸ್. ಡೇವಿಡ್ ಬ್ರೂಸ್ ಎಂಬ ಸೈನ್ಯದ ವೈದ್ಯ 1887ರಲ್ಲಿ ಮಾಲ್ಟಾ ದ್ವೀಪದಲ್ಲಿ ಇದರ ರೋಗಾಣುವನ್ನು ಸೈನಿಕರ ಗುಲ್ಮದಿಂದ ಬೇರ್ಪಡಿಸಿದ. ಅದು ಆಡಿನ ಹಸಿ ಹಾಲಿನಿಂದ ಬರುತ್ತದೆಂಬುದು ತೆಮಿಸ್ಟೋಕ್ಲಿಸ್ ಝಮಿತ್ 1905ರಲ್ಲಿ ಆಡುಗಳಲ್ಲಿ ಸೋಂಕು ಕಂಡುಹಿಡಿದ ಮೇಲೆ ಸ್ಪಷ್ಟವಾಯಿತು.

ಈ ರೋಗಾಣುವಿನ ಜಾಣತನ ನೋಡಿ. ದೊಡ್ಡ ಭಕ್ಷಕ ಕಣ ಇದನ್ನು ನುಂಗುತ್ತದೆ, ಇದು ಸಾಯುವುದಿಲ್ಲ. ನುಂಗಿದ ಚೀಲ ಜೀರ್ಣರಸದ ಚೀಲದೊಂದಿಗೆ ಕೂಡದಂತೆ ತಪ್ಪಿಸಿಕೊಂಡು ಭಕ್ಷಕ ಕಣದೊಳಗೇ ಬೆಳೆಯುತ್ತದೆ. ಆ ಕಣವನ್ನೇ ಬಂಡಿ ಮಾಡಿಕೊಂಡು ಗ್ರಂಥಿ, ಗುಲ್ಮ, ಮಜ್ಜೆ, ಸಂದುಗಳಿಗೆ ಸಾಗುತ್ತದೆ. ಪ್ರತಿಕಾಯಗಳು ತಯಾರಾದರೂ ಒಳಗಿದ್ದವನನ್ನು ಮುಟ್ಟಲಾರವು. ಹೊರಗೆ ಬಂದಾಗ ಜ್ವರ, ಒಳಗೆ ಸೇರಿದಾಗ ಆರಾಮ. ಚಿಕಿತ್ಸೆ ಉದ್ದವಾಗಿರುವುದೂ ಅದಕ್ಕೇ: ಸಾಮಾನ್ಯವಾಗಿ ಎರಡು ಔಷಧ ಕೂಡಿಸಿ ಕನಿಷ್ಠ ಆರು ವಾರ. ಹತ್ತು ದಿನಕ್ಕೆ ಜ್ವರ ಬಿಟ್ಟಿತೆಂದು ಗುಳಿಗೆ ನಿಲ್ಲಿಸಿದವರಿಗೆ ಅದು ಮರಳಿ ಬರುತ್ತದೆ. ಮನುಷ್ಯರಿಗೆ ಇದರ ಲಸಿಕೆ ಇಲ್ಲ.

ಬಹಳ ದಿನದ ಜ್ವರಕ್ಕೆ ವೈದ್ಯರ ಕಡೆಗೆ ಹೋದಾಗ "ನಮ್ಮ ಮನೆಯಲ್ಲಿ ದನ ಕಂದು ಹಾಕಿದೆ" ಎಂಬ ಒಂದು ಮಾತು ತಪ್ಪದೆ ಹೇಳಿರಿ. ಟೈಫಾಯಿಡ್, ಮಲೇರಿಯಾ ಎಂದು ಸುತ್ತಾಡುವ ತಿಂಗಳುಗಳು ಉಳಿಯುತ್ತವೆ. ರಕ್ತ ಪರೀಕ್ಷೆಯಲ್ಲಿ ತಿಳಿಯುತ್ತದೆ. ಕಂದು ಹಾಕಿದ ಕರು, ಮಾಸುಗಳನ್ನು ಕೈಗೆ ಚೀಲ ಕಟ್ಟಿಕೊಂಡಾದರೂ ಸರಿ, ಬರಿಗೈಯಿಂದ ಮುಟ್ಟದೆ, ಆಳವಾದ ಕುಣಿ ತೋಡಿ ಸುಣ್ಣ ಸುರಿದು ಹೂಳಬೇಕು. ತಿಪ್ಪೆಗೆ, ಹಳ್ಳಕ್ಕೆ ಎಸೆದರೆ ನಾಯಿ ಎಳೆದು ಊರಿಗೆಲ್ಲ ಹಂಚುತ್ತದೆ. ಬಸುರಿ ಹೆಂಗಸರು ಆ ಕೆಲಸದ ಹತ್ತಿರ ಬರುವುದು ಬೇಡ. ಹಾಲು ಕುದಿಸಿಯೇ ಕುಡಿಯಿರಿ. ಕುದಿಯಲ್ಲಿ ಈ ರೋಗಾಣು ಉಳಿಯುವುದಿಲ್ಲ.

2019ರಲ್ಲಿ ಆರಂಭವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಕಾಲುಬಾಯಿ ಬೇನೆಯ ಜೊತೆಗೆ ಕಂದು ರೋಗವನ್ನೂ ಸೇರಿಸಿದ್ದಾರೆ. ಲಸಿಕೆ ಹೆಣ್ಣು ಕರುಗಳಿಗೆ ಮಾತ್ರ, ನಾಲ್ಕರಿಂದ ಎಂಟು ತಿಂಗಳ ವಯಸ್ಸಿನಲ್ಲಿ, ಜೀವಮಾನದಲ್ಲಿ ಒಮ್ಮೆ. ಗಬ್ಬದ ದನಗಳಿಗೆ ಹಾಕಿಸಬಾರದು. ನಿಮ್ಮ ಮನೆಯ ಹೆಣ್ಣು ಕರುವಿಗೆ ನಾಲ್ಕು ತಿಂಗಳು ತುಂಬುವ ದಿನವನ್ನು ಸಂಘದ ಕಾರ್ಯದರ್ಶಿಯವರಲ್ಲಿ ಬರೆಯಿಸಿಟ್ಟಿರಿ. ಇದು ಜೀವಂತ ಲಸಿಕೆ. ಕರು ಹಿಡಿದವರ ಕೈಗೆ ಸೂಜಿ ತಾಗಿದರೆ, ಇಲ್ಲವೆ ಕಣ್ಣಿಗೆ ಸಿಡಿದರೆ, ಕೂಡಲೇ ತೊಳೆದುಕೊಂಡು ಆ ದಿನವೇ ವೈದ್ಯರಿಗೆ ತೋರಿಸಿರಿ. ಕರುವಿಗೆ ರಕ್ಷಣೆ ಕೊಡುವ ಅದೇ ಹನಿ ಮನುಷ್ಯನಿಗೆ ರೋಗ ತರಬಲ್ಲದು.